ಸಹಿ ಯಾರದು, ಮಾತು ಯಾರದು?

ಚುನಾವಣೆಯ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ತಪ್ಪದೆ ಓದುವ ಬರಹವೊಂದಿದೆ. ಅದು ಉಮೇದುವಾರರ ಪಟ್ಟಿ. ಪತ್ರಿಕೆಯ ಸಂಪಾದಕೀಯವನ್ನು ಓದದವರೂ, ಪಕ್ಷಗಳ ಪ್ರಣಾಳಿಕೆಯತ್ತ ಕಣ್ಣು ಹಾಯಿಸದವರೂ ಈ ಪಟ್ಟಿಯನ್ನು ಹೆಸರು ಹೆಸರಾಗಿ ಓದುತ್ತಾರೆ; ಓದಿ ಅರ್ಥೈಸುತ್ತಾರೆ. ಅಡ್ಡಹೆಸರೇ ಈ ಬರಹದ ವ್ಯಾಕರಣ. ಪಾಟೀಲ, ಬಿರಾದಾರ, ದೇಸಾಯಿ ಎಂದರೆ ಒಂದು ಅರ್ಥ. ಮಾದರ, ತಳವಾರ, ರಾಠೋಡ, ಮುಲ್ಲಾ ಎಂದರೆ ಇನ್ನೊಂದು ಅರ್ಥ. ಮನುಷ್ಯನ ಗುಣವನ್ನು ತಿಳಿಯುವ ಮೊದಲೇ ಅವನ ಮತಗಳ ಲೆಕ್ಕ ಮುಗಿದಿರುತ್ತದೆ.

ಕಳೆದ ನಾಲ್ಕು ದಶಕಗಳಲ್ಲಿ ಈ ಪಟ್ಟಿ ಬದಲಾಗಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಯಾವುದೇ ಗ್ರಾಮ ಪಂಚಾಯಿತಿಯ ಪಟ್ಟಿಯನ್ನು ಕೈಗೆತ್ತಿಕೊಳ್ಳಿ. ಬೇಕಿದ್ದರೆ ಲಚ್ಯಾಣದಂತಹ ಒಂದು ಊರನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಹಿಂದೆ ಗೌಡರ ವಾಡೆಯ ಕಟ್ಟೆಯ ಮೇಲೆ ಊರಿನ ಸಂಗತಿಗಳು ತೀರ್ಮಾನವಾಗುತ್ತಿದ್ದವು. ಆ ಕಟ್ಟೆಯ ಬಳಿ ನಿಲ್ಲಲೂ ಅಂಜುತ್ತಿದ್ದ ಮನೆತನಗಳವರು ಇಂದು ನಾಮಪತ್ರ ಸಲ್ಲಿಸುತ್ತಾರೆ. ಕೂಲಿಗೆ ಹೋಗುವ ಹೆಣ್ಣುಮಗಳು, ತಾಂಡಾದ ಯುವಕ, ದಲಿತ ಕೇರಿಯ ಹಿರಿಯರು ಅಲ್ಲಿ ಉಮೇದುವಾರರು. ವೇದಿಕೆಗಳ ಮೇಲೆ ಇದನ್ನು ‘ವೈವಿಧ್ಯ’ ಎಂದು ಕೊಂಡಾಡುವುದುಂಟು. ಕೊಂಡಾಡಬೇಕಾದ ಸಂಗತಿಯೇ ಹೌದು. ಆದರೆ ಅದಕ್ಕೆ ಮೊದಲು, ಒಂದು ಗ್ರಂಥವನ್ನು ವಿಮರ್ಶಿಸುವಂತೆ ಈ ಪಟ್ಟಿಯನ್ನು ನಿಧಾನವಾಗಿ ಓದುವುದು ಲೇಸು. ಇದನ್ನು ಬರೆದವರು ಯಾರು? ಯಾವ ಉದ್ದೇಶದಿಂದ ಬರೆದರು? ಹೆಸರಿದ್ದವರಿಗೆ ಮಾತೂ ಇದೆಯೇ? ಹೆಸರೇ ಇಲ್ಲದವರು ಯಾರು? ಈ ನಾಲ್ಕು ಪ್ರಶ್ನೆಗಳನ್ನು ನಿಮ್ಮೊಡನೆ ಕುಳಿತು ವಿಚಾರಿಸುವುದು ಈ ಲೇಖನದ ಉದ್ದೇಶ.

ಪಟ್ಟಿಯನ್ನು ಬರೆದವರು ಯಾರು?

ಗ್ರಾಮ ಪಂಚಾಯಿತಿಯ ಪಟ್ಟಿಯನ್ನು ಬದಲಿಸಿದ್ದು ಕಾನೂನು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಖಾತೆ ಹೊತ್ತಿದ್ದ ಅಬ್ದುಲ್ ನಜೀರ್ ಸಾಬ್ ಅವರ ಕಾಲದಲ್ಲಿ, 1983ರಲ್ಲಿ ರೂಪುಗೊಂಡ ಕಾಯ್ದೆಯು ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಲ್ಲಿ ನಾಲ್ಕನೆಯ ಒಂದು ಪಾಲನ್ನು ಮಹಿಳೆಯರಿಗೆ ಮೀಸಲಿಟ್ಟಿತು. 1987ರ ಜನವರಿಯಲ್ಲಿ ಚುನಾವಣೆ ನಡೆದಾಗ ಸಾವಿರಾರು ಹೆಣ್ಣುಮಕ್ಕಳು ಮೊದಲ ಬಾರಿಗೆ ಸಭೆಯ ಕುರ್ಚಿಯಲ್ಲಿ ಕುಳಿತರು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕಾಗಿ ‘ನೀರ್ ಸಾಬ್’ ಎಂದು ಜನರು ಪ್ರೀತಿಯಿಂದ ಕರೆದ ಈ ಮಂತ್ರಿಯು ನೀರಿನೊಡನೆ ಅಧಿಕಾರವನ್ನೂ ಹಳ್ಳಿಗೆ ಇಳಿಸಲು ಹೆಣಗಿದರು.

ರಾಷ್ಟ್ರಮಟ್ಟದಲ್ಲಿ ಇದೇ ವಿಚಾರವನ್ನು ಮುಂದಕ್ಕೆ ಒಯ್ದವರಲ್ಲಿ ನಮ್ಮ ನಾಡಿನ ಕ್ರೈಸ್ತ ಮಹಿಳೆಯೊಬ್ಬರಿದ್ದಾರೆ. ಮಂಗಳೂರಿನಲ್ಲಿ ಹುಟ್ಟಿದ ಮಾರ್ಗರೆಟ್ ಆಳ್ವ ಅವರು ರಾಜೀವ್ ಗಾಂಧಿಯವರ ಮಂತ್ರಿಮಂಡಲದಲ್ಲಿದ್ದಾಗ, 1988ರಲ್ಲಿ ಸಿದ್ಧವಾದ ಮಹಿಳೆಯರ ರಾಷ್ಟ್ರೀಯ ಮುನ್ನೋಟ ಯೋಜನೆಯು ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಶೇಕಡಾ 30ರಷ್ಟು ಸ್ಥಾನಗಳಿರಲೆಂದು ಶಿಫಾರಸು ಮಾಡಿತು. ಸಂವಿಧಾನದ 73ನೆಯ ತಿದ್ದುಪಡಿಯು 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಮಹಿಳೆಯರಿಗೆ ಮೂರನೆಯ ಒಂದು ಪಾಲು, ಪರಿಶಿಷ್ಟ ಜಾತಿ ಪಂಗಡಗಳಿಗೆ ಜನಸಂಖ್ಯೆಗೆ ತಕ್ಕ ಪಾಲು ಇಡೀ ದೇಶದ ನಿಯಮವಾಯಿತು. ಮುಂದೆ ಕರ್ನಾಟಕವು ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು.

ಈಗ ಇನ್ನೊಂದು ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಾದ್ಯಂತ ಕಣದಲ್ಲಿ ಉಳಿದವರು 2,615 ಮಂದಿ. ಅವರಲ್ಲಿ ಮಹಿಳೆಯರು 184, ತೃತೀಯಲಿಂಗಿ ಒಬ್ಬರು. 224 ಸ್ಥಾನಗಳಲ್ಲಿ ಗೆದ್ದ ಮಹಿಳೆಯರು ಹತ್ತು ಮಂದಿ. ವಿಜಯಪುರ ಜಿಲ್ಲೆಯ ಎಂಟು ಕ್ಷೇತ್ರಗಳಿಂದ ವಿಧಾನಸೌಧಕ್ಕೆ ಹೋದವರು ಎಂಟು ಮಂದಿ ಪುರುಷರು. ನಮ್ಮ ಜಿಲ್ಲೆಗೆ ಮಹಿಳಾ ಪ್ರತಿನಿಧಿಯ ಪರಿಚಯವೇ ಇಲ್ಲವೆಂದಲ್ಲ. 1994ರಲ್ಲಿ ಮುದ್ದೇಬಿಹಾಳದ ಮತದಾರರು ಜನತಾದಳದ ವಿಮಲಾಬಾಯಿ ದೇಶಮುಖ ಅವರನ್ನು ಆರಿಸಿ ಕಳಿಸಿದ್ದರು. ಒಮ್ಮೆ ಸಾಧ್ಯವಾದದ್ದು ವಾಡಿಕೆಯಾಗಲಿಲ್ಲವಷ್ಟೇ.

ಅದೇ ಜಿಲ್ಲೆ, ಅದೇ ಮತದಾರರು. ಪಂಚಾಯಿತಿಯಲ್ಲಿ ಸರಿಸುಮಾರು ಅರ್ಧದಷ್ಟು ಮಹಿಳೆಯರು, ವಿಧಾನಸಭೆಯಲ್ಲಿ ಸೊನ್ನೆ. ಈ ವ್ಯತ್ಯಾಸದ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಒಂದು ಕಡೆ ಕಾನೂನು ಕಟ್ಟು ಹಾಕಿದೆ. ಇನ್ನೊಂದು ಕಡೆ ಪಕ್ಷಗಳ ಮರ್ಜಿ ನಡೆದಿದೆ. 2023ರ ಸೆಪ್ಟೆಂಬರಿನಲ್ಲಿ ಸಂಸತ್ತು ಅಂಗೀಕರಿಸಿದ 106ನೆಯ ತಿದ್ದುಪಡಿಯು ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮೂರನೆಯ ಒಂದು ಪಾಲನ್ನು ಮಹಿಳೆಯರಿಗೆ ಕೊಡುವ ಮಾತನ್ನಾಡಿತು. ಆದರೆ ಆ ಮಾತಿನ ಪಾಲನೆಯನ್ನು ಜನಗಣತಿ ಮತ್ತು ಕ್ಷೇತ್ರ ಪುನರ್ವಿಂಗಡಣೆಯ ಬಾಗಿಲಲ್ಲಿ ನಿಲ್ಲಿಸಿತು. ಆದ್ದರಿಂದ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗಿದೆ. ಪಟ್ಟಿಯಲ್ಲಿ ಕಾಣುವ ವೈವಿಧ್ಯ ಬಹುಮಟ್ಟಿಗೆ ಕಾನೂನಿನ ಕೂಸು. ನಮ್ಮ ಮನಸ್ಸಿನ ಕೂಸು ಇನ್ನೂ ಆಗಿಲ್ಲ.

ಲೆಕ್ಕಕ್ಕೆ ಬಂದ ಹೆಸರು

ಕಾನೂನು ಒತ್ತಾಯಿಸದೆಯೂ ಪಕ್ಷಗಳು ಕೆಲವೊಮ್ಮೆ ಹೊಸ ಹೆಸರನ್ನು ಮುಂದಿಡುತ್ತವೆ. ಅಂತಹ ಸಂದರ್ಭಕ್ಕೆ ನಮ್ಮ ಮಗ್ಗುಲಿನ ಸಿಂದಗಿಯೇ ಉದಾಹರಣೆ. ಅಲ್ಲಿನ ಶಾಸಕರಾಗಿದ್ದ ಎಂ. ಸಿ. ಮನಗೂಳಿಯವರು ತೀರಿಕೊಂಡದ್ದರಿಂದ 2021ರ ಅಕ್ಟೋಬರ್ 30ರಂದು ಉಪಚುನಾವಣೆ ನಡೆಯಿತು. ಜಾತ್ಯತೀತ ಜನತಾದಳವು ನಾಜಿಯಾ ಅಂಗಡಿ ಎಂಬ ಮುಸ್ಲಿಂ ಮಹಿಳೆಯನ್ನು ಕಣಕ್ಕಿಳಿಸಿತು. ಪ್ರಬಲ ಸಮುದಾಯಗಳ ಪುರುಷರೇ ಸ್ಪರ್ಧಿಸುತ್ತ ಬಂದಿದ್ದ ಕ್ಷೇತ್ರದಲ್ಲಿ ಇದು ಅಪರೂಪದ ಹೆಸರು. ಕೂಡಲೇ ಕಾಂಗ್ರೆಸ್ ನಾಯಕರು, ಅಲ್ಪಸಂಖ್ಯಾತರ ಮತಗಳನ್ನು ಒಡೆಯುವ ತಂತ್ರವಿದೆಂದು ಆರೋಪಿಸಿದರು. ಜನತಾದಳದವರು ಅದನ್ನು ಅಲ್ಲಗಳೆದರು. ಭಾರತೀಯ ಜನತಾ ಪಕ್ಷದ ರಮೇಶ ಭೂಸನೂರ ಗೆದ್ದರು. ಕಾಂಗ್ರೆಸ್ಸಿನ ಅಶೋಕ ಮನಗೂಳಿ ಎರಡನೆಯವರಾದರು. ನಾಜಿಯಾ ಅಂಗಡಿಯವರಿಗೆ ಬಂದ ಮತಗಳು ಐದು ಸಾವಿರವನ್ನು ಮುಟ್ಟಲಿಲ್ಲ.

ಇಲ್ಲಿ ವಿಮರ್ಶಕನು ಎರಡು ಕಡೆಯೂ ಎಚ್ಚರದಿಂದಿರಬೇಕು. ಪಕ್ಷವೊಂದು ಗೆಲ್ಲುವ ಭರವಸೆಯಿಲ್ಲದ ಕ್ಷೇತ್ರದಲ್ಲಿ ಮಾತ್ರ ಅಲ್ಪಸಂಖ್ಯಾತರನ್ನೂ ಮಹಿಳೆಯರನ್ನೂ ನೆನೆಯುವುದಾದರೆ, ಆ ನೆನಪು ಗೌರವವಲ್ಲ, ಲೆಕ್ಕಾಚಾರ. ಸೋಲುವ ಟಿಕೆಟನ್ನು ಕೊಟ್ಟು, ಅವಕಾಶ ಕೊಟ್ಟೆವೆಂದು ಹೇಳಿಕೊಳ್ಳುವುದು ಖಾಲಿ ತಟ್ಟೆಯನ್ನು ಮುಂದಿಟ್ಟು ಉಣಬಡಿಸಿದೆವೆಂದಂತೆ. ಈ ಟೀಕೆ ಯಾವುದೋ ಒಂದು ಪಕ್ಷಕ್ಕೆ ಮೀಸಲಲ್ಲ. ರಾಜ್ಯದ ಪಟ್ಟಿಯಲ್ಲಿ 2,615ರಲ್ಲಿ ಕೇವಲ 184 ಹೆಣ್ಣುಮಕ್ಕಳಿದ್ದರೆಂಬ ಲೆಕ್ಕವು ಎಲ್ಲ ಪಕ್ಷಗಳ ಮೇಲೂ ಬರೆದ ತೀರ್ಪಾಗಿದೆ.

ಆದರೆ ಇನ್ನೊಂದು ಕಡೆಯನ್ನೂ ನೋಡಿ. ಪ್ರಬಲ ಸಮುದಾಯದ ಮೂವರು ಪುರುಷರು ಒಂದೇ ಕ್ಷೇತ್ರದಲ್ಲಿ ನಿಂತಾಗ, ನೀವು ಯಾರ ಮತ ಒಡೆಯಲು ಬಂದಿರಿ ಎಂದು ಅವರನ್ನು ಯಾರೂ ಕೇಳುವುದಿಲ್ಲ. ಅವರು ನಿಲ್ಲುವುದು ಸಹಜ; ಅವರು ಸೋತರೂ ನಾಯಕರು. ಮುಸ್ಲಿಂ ಹೆಣ್ಣುಮಗಳೊಬ್ಬಳು, ದಲಿತ ಯುವಕನೊಬ್ಬ, ಕ್ರೈಸ್ತನೊಬ್ಬ ಸಾಮಾನ್ಯ ಕ್ಷೇತ್ರದಲ್ಲಿ ನಿಂತರೆ ಮಾತ್ರ ನಿಂತದ್ದಕ್ಕೆ ಕಾರಣ ಕೊಡಬೇಕು. ಅಭ್ಯರ್ಥಿಯ ಯೋಗ್ಯತೆ, ಓದು, ಊರಿನ ಬಗೆಗಿನ ತಿಳಿವಳಿಕೆ ಇವಾವುವೂ ಚರ್ಚೆಗೆ ಬರುವುದೇ ಇಲ್ಲ. ಇಂತಹ ಅಭ್ಯರ್ಥಿಯನ್ನು ಬಳಸಿಕೊಳ್ಳುವವರೂ ಶಂಕಿಸುವವರೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಆ ವ್ಯಕ್ತಿಯನ್ನು ಕಾಣುವುದಿಲ್ಲ. ಆ ಹೆಸರಿನ ಹಿಂದಿನ ಮತಗಳ ರಾಶಿಯನ್ನು ಕಾಣುತ್ತಾರೆ. ನೀವು ಪಟ್ಟಿಯನ್ನು ಓದುವಾಗ ಒಂದು ನಿಯಮವನ್ನು ಇಟ್ಟುಕೊಳ್ಳಿ: ಒಬ್ಬ ಅಭ್ಯರ್ಥಿಯನ್ನು ಕೇಳುವ ಪ್ರಶ್ನೆಯನ್ನು ಎಲ್ಲರಿಗೂ ಕೇಳಿ, ಇಲ್ಲವೇ ಯಾರಿಗೂ ಕೇಳಬೇಡಿ.

ಅಂಕಿತವೂ ಸಹಿಯೂ

ಮೂರನೆಯ ಪ್ರಶ್ನೆ ಗೆದ್ದ ಮೇಲಿನದು. ಬಸವಣ್ಣನವರು ಹುಟ್ಟಿದ ಬಾಗೇವಾಡಿ ನಮ್ಮ ಜಿಲ್ಲೆಯಲ್ಲಿದೆ. ಹೀಗಾಗಿ ಇಲ್ಲಿನ ಚುನಾವಣಾ ಭಾಷಣಗಳಲ್ಲಿ ಅನುಭವ ಮಂಟಪದ ಪ್ರಸ್ತಾಪ ತಪ್ಪುವುದಿಲ್ಲ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಅಕ್ಕಮಹಾದೇವಿ ಹೀಗೆ ಹೆಸರುಗಳ ಮಾಲೆಯನ್ನೇ ಹೇಳಿ, ಜಗತ್ತಿನ ಮೊದಲ ಸಂಸತ್ತು ನಮ್ಮದೆಂದು ಭಾಷಣಕಾರರು ಮುಗಿಸುತ್ತಾರೆ. ಆದರೆ ಆ ಶರಣರ ಹಿರಿಮೆ ಹೆಸರುಗಳ ಪಟ್ಟಿಯಲ್ಲಿ ಅಡಗಿಲ್ಲ. ಅವರಲ್ಲಿ ಪ್ರತಿಯೊಬ್ಬರ ವಚನಕ್ಕೂ ಸ್ವಂತ ಅಂಕಿತವಿತ್ತು. ದೋಣಿ ನಡೆಸುತ್ತಿದ್ದ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಮಾತು ಯಾರದೆಂಬ ವಿಷಯದಲ್ಲಿ ಅಲ್ಲಿ ಗೊಂದಲವಿರಲಿಲ್ಲ.

ಆಯ್ದಕ್ಕಿ ಲಕ್ಕಮ್ಮನವರ ಅಂಕಿತವನ್ನು ನೋಡಿ. ಅದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡ ಮಾರಯ್ಯನ ಹೆಸರು ಅದರಲ್ಲೇ ಇದೆ. ಆದರೂ ಗಂಡನು ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಹಿಂದಿರುಗಿಸಿ ಬಾ ಎಂದು ತಿದ್ದಿದವರು ಆಕೆಯೇ. ಅಂಕಿತದಲ್ಲಿ ಗಂಡನ ಹೆಸರು. ಮಾತು ಮಾತ್ರ ಪೂರ್ತಿಯಾಗಿ ಆಕೆಯದು.

ಇಂದಿನ ಎಷ್ಟೋ ಪಂಚಾಯಿತಿಗಳಲ್ಲಿ ಇದು ತಿರುವುಮುರುವಾಗಿದೆ. ಠರಾವಿನ ಪುಸ್ತಕದಲ್ಲಿ ಹೆಣ್ಣುಮಗಳ ಸಹಿ; ಮಾತು ಪೂರ್ತಿಯಾಗಿ ಗಂಡನದು, ಮೈದುನನದು, ಇಲ್ಲವೇ ಮಗನದು. ಸಭೆಗೆ ಬರುವವರೂ ಗುತ್ತಿಗೆದಾರರೊಡನೆ ವ್ಯವಹರಿಸುವವರೂ ಅವರೇ. ಮೀಸಲು ಸ್ಥಾನಕ್ಕೆ ಬಂದ ದಲಿತ ಅಧ್ಯಕ್ಷರ ಹಿಂದೆ ನಿಂತು ಊರಿನ ದೊಡ್ಡ ಮನೆಯವರು ಆಡಳಿತ ನಡೆಸುವುದೂ ಇದರದೇ ಇನ್ನೊಂದು ರೂಪ. ಈ ಚಾಳಿ ಎಷ್ಟು ಬೇರೂರಿದೆಯೆಂದರೆ, 2023ರಲ್ಲಿ ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ‘ಪ್ರಧಾನ ಪತಿ’ಯರ ಹಾವಳಿಯನ್ನು ಪರಿಶೀಲಿಸಲೆಂದೇ ಒಂದು ಸಮಿತಿಯನ್ನು ನೇಮಿಸಬೇಕಾಯಿತು. 2020ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆದಾಗ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗ ಎಚ್ಚರಿಕೆ ನೀಡಬೇಕಾಯಿತು. ಹರಾಜಿನಲ್ಲಿ ಕೊಂಡ ಸ್ಥಾನದಲ್ಲಿ ಯಾರ ಹೆಸರಿದ್ದರೇನು?

ಇದನ್ನು ಕಂಡು ಕೆಲವರು, ಮೀಸಲಾತಿಯೇ ವ್ಯರ್ಥವೆಂಬ ತೀರ್ಮಾನಕ್ಕೆ ಬರುತ್ತಾರೆ. ಆ ತೀರ್ಮಾನ ಅವಸರದ್ದು. ಹೆಣ್ಣು ಅಧ್ಯಕ್ಷೆಯಾದರೆ ಏನು ಬದಲಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಪಶ್ಚಿಮ ಬಂಗಾಳ ಮತ್ತು ರಾಜಸ್ಥಾನದ ಗ್ರಾಮ ಪಂಚಾಯಿತಿಗಳನ್ನು ಅಧ್ಯಯನ ಮಾಡಿದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಮುಂದೆ 2019ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಎಸ್ತರ್ ಡುಫ್ಲೊ ಅವರು 2004ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾದ ಪಂಚಾಯಿತಿಗಳು ಕುಡಿಯುವ ನೀರಿಗೆ ಹೆಚ್ಚು ಹಣ ತೊಡಗಿಸಿದ್ದವು. ಕಾರಣ ಸರಳ: ಅಲ್ಲಿನ ಹೆಂಗಸರು ಹೆಚ್ಚಾಗಿ ದೂರುತ್ತಿದ್ದದ್ದು ನೀರಿನ ಬಗ್ಗೆಯೇ.

ನಮ್ಮ ಸೀಮೆಗೆ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಲಚ್ಯಾಣದ ಹೆಸರು 2024ರ ಏಪ್ರಿಲಿನಲ್ಲಿ ನಾಡಿನ ಮನೆಮಾತಾದದ್ದು, ಕೊಳವೆಬಾವಿಗೆ ಬಿದ್ದ ಎಳೆಯ ಮಗುವೊಂದನ್ನು ಇಡೀ ರಾತ್ರಿ ಹೋರಾಡಿ ಮರುದಿನ ಜೀವಂತವಾಗಿ ಮೇಲೆತ್ತಿದಾಗ. ಆ ಸಂತೋಷದ ಹಿಂದೆ ಬರಗಾಲದ ನಾಡಿನ ಒಂದು ಕಟು ಸತ್ಯವೂ ಇದೆ: ಇಲ್ಲಿ ನೀರಿಗಾಗಿ ನೆಲವನ್ನು ಮತ್ತೆ ಮತ್ತೆ ಕೊರೆಯಬೇಕು. ಪಂಚಾಯಿತಿಯು ಎಲ್ಲಿ ಬಾವಿ ಕೊರೆಸಬೇಕು, ಯಾವ ಕೇರಿಗೆ ನಲ್ಲಿ ಹಾಕಿಸಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ಕೊಡ ಹೊರುವವಳ ಮಾತು ಇರಬೇಕಲ್ಲವೇ? ಆಕೆಯ ಸಹಿಯಷ್ಟೇ ಸಾಕೇ?

ಪಟ್ಟಿಯಲ್ಲಿಲ್ಲದ ಹೆಸರು

ನಾಲ್ಕನೆಯ ಪ್ರಶ್ನೆ ನಮ್ಮ ಕುಟುಂಬಗಳನ್ನು ನೇರವಾಗಿ ತಟ್ಟುತ್ತದೆ. ವಿಜಯಪುರ ಲೋಕಸಭಾ ಕ್ಷೇತ್ರವು 2009ರ ಚುನಾವಣೆಯಿಂದ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ನಾಗಠಾಣ ವಿಧಾನಸಭಾ ಕ್ಷೇತ್ರವೂ ಹಾಗೆಯೇ. ಮೀಸಲು ಕ್ಷೇತ್ರಗಳಿಂದಾಗಿ ದಲಿತ ನಾಯಕರು ದೆಹಲಿಗೂ ಬೆಂಗಳೂರಿಗೂ ಹೋದದ್ದು ಸಂತೋಷದ ಸಂಗತಿ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯೆಂಬ ಮಾನ್ಯತೆ ಮೊದಲು ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ಅದು ವಿಸ್ತರಿಸಿತು. ಕ್ರೈಸ್ತರಾದ ದಲಿತರಿಗೆ ಅದು ದಕ್ಕಲಿಲ್ಲ. ಕೇರಿ ಒಂದೇ, ಅವಮಾನ ಒಂದೇ, ಕೂಲಿ ಒಂದೇ. ನಾಮಪತ್ರ ಮಾತ್ರ ಬೇರೆ.

ಇದು ಬರಿಯ ತರ್ಕವಲ್ಲ. ನಮ್ಮ ರಾಜ್ಯದ ಇನ್ನೊಂದು ತುದಿಯಲ್ಲಿ, ಕೋಲಾರ ಚಿನ್ನದ ಗಣಿಯ ಮೀಸಲು ಕ್ಷೇತ್ರದಲ್ಲಿ ಇದು ಒಬ್ಬ ಗೆದ್ದ ಅಭ್ಯರ್ಥಿಯ ಅನುಭವವಾಯಿತು. ಅಲ್ಲಿ 1967ರಲ್ಲಿ ಎಸ್. ರಾಜಗೋಪಾಲ್ ಅವರು ಗೆದ್ದರು. ಅವರು ಹಿಂದೆ ಕ್ರೈಸ್ತ ಧರ್ಮಕ್ಕೆ ಸೇರಿದ್ದರೆಂಬ ಕಾರಣಕ್ಕೆ ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು. 1968ರಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಅವರ ಗೆಲುವು ಬಿದ್ದುಹೋಯಿತು. 1972ರಲ್ಲಿ ಅವರು ಮತ್ತೆ ಗೆದ್ದಾಗ ಮತ್ತೆ ವ್ಯಾಜ್ಯ. ಈ ಬಾರಿ, ಅವರು ಹಿಂದೂ ಧರ್ಮಕ್ಕೆ ಮರಳಿದ್ದಾರೆ, ಜಾತಿಯವರು ಅವರನ್ನು ತಮ್ಮವರೆಂದು ಒಪ್ಪಿದ್ದಾರೆ ಎಂದು ಕಂಡುಕೊಂಡ ನ್ಯಾಯಾಲಯವು 1975ರ ಡಿಸೆಂಬರಿನಲ್ಲಿ ಅವರ ಗೆಲುವನ್ನು ಎತ್ತಿಹಿಡಿಯಿತು. ವ್ಯಕ್ತಿ ಅದೇ, ಕ್ಷೇತ್ರ ಅದೇ. ಪಟ್ಟಿಯಲ್ಲಿ ಉಳಿಯಲು ಅಡ್ಡಿಯಾದದ್ದು ಪ್ರಾರ್ಥನೆಯ ಮನೆ. ಎಷ್ಟೋ ಕುಟುಂಬಗಳು ಜ್ಞಾನಸ್ನಾನದ ದಾಖಲೆಯಲ್ಲೊಂದು ಹೆಸರು, ಸರ್ಕಾರಿ ಪ್ರಮಾಣಪತ್ರದಲ್ಲೊಂದು ಹೆಸರು ಇಟ್ಟುಕೊಂಡು ಬದುಕುವ ಸಂಕಟದ ಮೂಲ ಇಲ್ಲಿದೆ. ಅವರನ್ನು ಅಪ್ರಾಮಾಣಿಕರೆಂದು ಜರಿಯುವ ಮೊದಲು, ಒಬ್ಬ ಮನುಷ್ಯನಿಗೆ ಎರಡು ಹೆಸರು ಬೇಕಾಗುವಂತೆ ಮಾಡಿದ ನಿಯಮವನ್ನು ಪ್ರಶ್ನಿಸುವುದು ನ್ಯಾಯ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರ ನೇತೃತ್ವದಲ್ಲಿ ಈ ಪ್ರಶ್ನೆಯ ವಿಚಾರಣೆಗೆ ಆಯೋಗವನ್ನು ನೇಮಿಸಿತು.

ಹಾಗಾದರೆ ಕ್ರೈಸ್ತರಿಗೆ ಪ್ರತ್ಯೇಕ ಸ್ಥಾನಗಳು ಬೇಕೆಂದು ಕೇಳೋಣವೇ? ಆ ದಾರಿಯನ್ನು ನಮ್ಮ ಹಿರಿಯರೇ ಬೇಡವೆಂದರು. 1949ರ ಮೇ ತಿಂಗಳಲ್ಲಿ ಸಂವಿಧಾನ ರಚನಾ ಸಭೆಯು ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಕೈಬಿಟ್ಟಿತು. ಅದಕ್ಕೆ ಮುಂದಾದವರು ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಎಚ್. ಸಿ. ಮುಖರ್ಜಿ, ಬೆಂಬಲಿಸಿದವರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಸೇರಿದ್ದರು. ಪ್ರತ್ಯೇಕ ಕೋಣೆಯಲ್ಲಿ ಕುಳಿತಿರುವುದಕ್ಕಿಂತ ಎಲ್ಲರೊಡನೆ ಒಂದೇ ಪಡಸಾಲೆಯಲ್ಲಿ ಕುಳಿತುಕೊಳ್ಳೋಣ ಎಂಬುದು ಆ ನಿರ್ಧಾರದ ಒಳಗಿದ್ದ ವಿಶ್ವಾಸ. ಮುಂದೆ ಆಂಗ್ಲೋ ಇಂಡಿಯನ್ನರಿಗಿದ್ದ ನಾಮಕರಣದ ಸ್ಥಾನಗಳೂ 2020ರ ಜನವರಿಯಲ್ಲಿ ಕೊನೆಗೊಂಡವು. ಇಂದು ನಮ್ಮ ಮುಂದಿರುವುದು ಆ ಪಡಸಾಲೆ ಮಾತ್ರ.

ಪಡಸಾಲೆಗೆ ಬರಲು ನಾವು ಸಿದ್ಧರಿದ್ದೇವೆಯೇ? ನಮ್ಮಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ರಾಜಕೀಯ ಹೊಲಸು, ನಮಗೇಕೆ ಅದರ ಸಹವಾಸ ಎಂಬುದು ಒಂದು. ನಮ್ಮವರೊಬ್ಬರಿಗೆ ಟಿಕೆಟ್ ಸಿಕ್ಕರೆ ಸಾಕು ಎಂಬುದು ಇನ್ನೊಂದು. ಮೊದಲನೆಯದು ಊರಿನ ನೀರನ್ನು ಕುಡಿಯುತ್ತ ಊರಿನ ಬಾವಿಯ ಚಿಂತೆಯನ್ನು ಬೇರೆಯವರಿಗೆ ಬಿಡುವ ಮಾತು. ಎರಡನೆಯದು ನಾವು ಇತರರಲ್ಲಿ ಖಂಡಿಸುವ ಅಡ್ಡಹೆಸರಿನ ವ್ಯಾಕರಣವನ್ನೇ ನಾವೂ ಕಲಿತ ಮಾತು. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಹೊರಡಿಸಿದ, ಇಂದಿನ ಲೋಕದಲ್ಲಿ ಧರ್ಮಸಭೆಯ ಪಾತ್ರವನ್ನು ಕುರಿತ ಸಂವಿಧಾನದಲ್ಲಿ, ಮತದಾನವನ್ನು ಹಕ್ಕೆಂದೂ ಕರ್ತವ್ಯವೆಂದೂ ನೆನಪಿಸಿ, ಸಾರ್ವಜನಿಕ ಒಳಿತಿಗಾಗಿ ಹೊಣೆ ಹೊರುವವರನ್ನು ಮೆಚ್ಚಿ ನುಡಿದಿದೆ. ಆಡಳಿತಾಧಿಕಾರವಿರುವ ಸರ್ಕಾರಿ ಹುದ್ದೆಗಳು ಗುರುಗಳಿಗೆ ಸಲ್ಲವೆಂಬುದು ಧರ್ಮಸಭೆಯ ಕಾನೂನು. ಆದ್ದರಿಂದ ಈ ಹೊಲವನ್ನು ಉಳಬೇಕಾದವರು ಶ್ರೀಸಾಮಾನ್ಯ ವಿಶ್ವಾಸಿಗಳು, ಅಂದರೆ ನೀವು.

ಆದಿ ಧರ್ಮಸಭೆಯ ಒಂದು ಪಟ್ಟಿ

ಪಟ್ಟಿಗಳ ವಿಷಯ ಹೇಳುವಾಗ ಪವಿತ್ರ ಗ್ರಂಥದಲ್ಲಿ ದಾಖಲಾದ ಒಂದು ಪಟ್ಟಿಯನ್ನು ಮರೆಯಲಾಗದು. ಪ್ರೇಷಿತರ ಕಾರ್ಯಕಲಾಪಗಳ ಆರನೆಯ ಅಧ್ಯಾಯವನ್ನು ತೆರೆದು ನೋಡಿ. ಜೆರುಸಲೇಮಿನ ಸಭೆಯಲ್ಲಿ ಗ್ರೀಕ್ ಮಾತನಾಡುವವರು ಹೀಬ್ರೂ ಮಾತನಾಡುವವರ ಮೇಲೆ ದೂರು ತಂದರು: ದಿನನಿತ್ಯದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು. ಕ್ರಿಸ್ತನ ಸಭೆಯಲ್ಲಿಯೂ ಕಡೆಗಣನೆ ನುಸುಳಿತ್ತು ಎಂಬುದನ್ನು ಶಾಸ್ತ್ರವು ಮುಚ್ಚಿಡಲಿಲ್ಲ. ಪ್ರೇಷಿತರು ದೂರು ತಂದವರನ್ನು ಗದರಿಸಲಿಲ್ಲ. ಇಡೀ ಸಭೆಯನ್ನು ಕರೆದು, ಏಳು ಮಂದಿಯನ್ನು ನೀವೇ ಆರಿಸಿರಿ ಎಂದರು. ಸಭೆ ಆರಿಸಿದ ಸ್ತೇಫನ, ಫಿಲಿಪ್ಪ ಮೊದಲಾದ ಏಳು ಹೆಸರುಗಳೂ ಗ್ರೀಕ್ ಹೆಸರುಗಳು. ಏಳನೆಯವನಂತೂ ಅಂತಿಯೋಕ್ಯದಿಂದ ಬಂದ, ಹುಟ್ಟಿನಿಂದ ಯೆಹೂದ್ಯನೇ ಅಲ್ಲದವನು. ಅನ್ಯಾಯಕ್ಕೊಳಗಾದವರ ನಡುವಿನವರ ಕೈಗೇ ಎಲ್ಲರ ಹಂಚಿಕೆಯ ಹೊಣೆಯನ್ನು ಇಟ್ಟಂತೆ ಈ ಪಟ್ಟಿ ಕಾಣುತ್ತದೆ.

ಇನ್ನೂ ಗಮನಿಸಬೇಕಾದದ್ದು ಮುಂದಿನ ಕಥೆ. ಬಡಿಸುವ ಕೆಲಸಕ್ಕೆಂದು ಆರಿಸಿದ ಸ್ತೇಫನನು ಬಡಿಸುತ್ತ ಮೌನವಾಗಿ ಉಳಿಯಲಿಲ್ಲ. ಅವನು ಮಾತನಾಡಿದನು, ನ್ಯಾಯಸಭೆಯ ಮುಂದೆ ಇಸ್ರಯೇಲಿನ ಇಡೀ ಚರಿತ್ರೆಯನ್ನು ವ್ಯಾಖ್ಯಾನಿಸಿದನು, ಆ ಮಾತಿಗಾಗಿ ಪ್ರಾಣವನ್ನೇ ತೆತ್ತನು. ಫಿಲಿಪ್ಪನು ಸಮಾರಿಯಕ್ಕೆ ಹೋಗಿ ಬೋಧಿಸಿದನು. ಪಟ್ಟಿಯಲ್ಲಿದ್ದ ಹೆಸರುಗಳು ಮಾತಾದವು. ಅವರ ಬಾಯನ್ನು ಪ್ರೇಷಿತರು ಮುಚ್ಚಲಿಲ್ಲ.

ಈ ಕನ್ನಡಿಯನ್ನು ನಮ್ಮ ಧರ್ಮಕೇಂದ್ರದ ಪಾಲನಾ ಮಂಡಳಿಯ ಮುಂದೆಯೂ ಹಿಡಿಯೋಣ. ಅದರ ಪಟ್ಟಿಯಲ್ಲಿ ಯಾವ ಮನೆತನಗಳ ಹೆಸರು ತಲೆಮಾರಿನಿಂದ ತಲೆಮಾರಿಗೆ ಮರಳಿ ಬರುತ್ತದೆ? ಕೂಲಿ ಮಾಡುವ ಕುಟುಂಬದ ಪ್ರತಿನಿಧಿ ಅಲ್ಲಿದ್ದಾರೆಯೇ? ಹಬ್ಬದ ಅಡುಗೆ, ಗುಡಿಸಿ ಸಾರಿಸುವ ಕೆಲಸ, ಹಾಡುಗಾರಿಕೆ ಇವೆಲ್ಲ ಹೆಣ್ಣುಮಕ್ಕಳಿಗೆ. ಲೆಕ್ಕಪತ್ರ ಮತ್ತು ಕಟ್ಟಡದ ತೀರ್ಮಾನ ಗಂಡಸರಿಗೆ ಎಂಬ ಹಂಚಿಕೆ ನಮ್ಮಲ್ಲಿಯೂ ಇದೆಯೇ? ದೇವಾಲಯದ ಅಂಗಳದಲ್ಲಿ ಮಾತನಾಡಲು ಕಲಿಯದ ಹೆಣ್ಣುಮಗಳು ಗ್ರಾಮಸಭೆಯಲ್ಲಿ ಏಕಾಏಕಿ ಮಾತನಾಡಲಿ ಎಂದು ಬಯಸುವುದು ಬಿತ್ತದೆ ಬೆಳೆ ಕೇಳಿದಂತೆ.

ಸರದಿ ಸರಿದ ಮೇಲೆ

ಪಂಚಾಯಿತಿಯ ಮೀಸಲಾತಿಗೆ ಒಂದು ಗುಣವಿದೆ: ಅದು ಸರದಿಯ ಮೇಲೆ ಸುತ್ತುತ್ತದೆ. ಇಂದು ಮಹಿಳೆಗೆ ಮೀಸಲಾದ ಸ್ಥಾನ ಮುಂದೊಂದು ಚುನಾವಣೆಗೆ ಸಾಮಾನ್ಯವಾಗುತ್ತದೆ. 2020ರಲ್ಲಿ ಆರಿಸಿ ಬಂದ ಪಂಚಾಯಿತಿಗಳಲ್ಲಿ ಅಧ್ಯಕ್ಷ ಹುದ್ದೆಯ ಮೀಸಲಾತಿ 30 ತಿಂಗಳಿಗೊಮ್ಮೆ ಬದಲಾಯಿತು. ಸರದಿ ಸರಿದ ಆ ಗಳಿಗೆಯೇ ನಮ್ಮ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಐದು ವರ್ಷ ಓಣಿಯ ನೀರು, ದೀಪ, ಗಟಾರ ನೋಡಿಕೊಂಡು, ತಾಲ್ಲೂಕು ಕಚೇರಿಯ ದಾರಿ ಕಲಿತು, ಅಂಜಿಕೆ ಬಿಟ್ಟು ಮಾತನಾಡಲು ತೊಡಗಿದ ಹೆಣ್ಣುಮಗಳಿಗೆ ಊರಿನವರು ಏನು ಹೇಳುತ್ತಾರೆ? ‘ಅವ್ವಾ, ಈ ಸಲ ಇದು ಜನರಲ್ ಆಗೇತಿ, ನೀನು ಸಾಕು’ ಎನ್ನುತ್ತಾರೆ. ಸಾಮಾನ್ಯ ಸ್ಥಾನವೆಂದರೆ ಎಲ್ಲರಿಗೂ ತೆರೆದ ಸ್ಥಾನ. ಆದರೆ ನಮ್ಮ ಬಳಕೆಯಲ್ಲಿ ಅದು ಪ್ರಬಲರ ಗಂಡಸರಿಗೆ ಮೀಸಲಾದ ಸ್ಥಾನವೆಂಬ ಅರ್ಥ ಪಡೆದಿದೆ. ಯಾವ ಕಾಯ್ದೆಯಲ್ಲಿಯೂ ಬರೆಯದ ಈ ಮೀಸಲಾತಿಯನ್ನು ಯಾವ ನ್ಯಾಯಾಲಯವೂ ರದ್ದುಮಾಡಲಾರದು. ರದ್ದುಮಾಡಬೇಕಾದವರು ಮತದಾರರು.

ಇದು ಆಗದ ಮಾತಲ್ಲ. ಪಶ್ಚಿಮ ಬಂಗಾಳದ ಹಳ್ಳಿಗಳಲ್ಲಿ ಎಸ್ತರ್ ಡುಫ್ಲೊ ಮತ್ತು ಅವರ ಸಂಗಡಿಗರು ಮುಂದುವರಿಸಿದ ಅಧ್ಯಯನವು 2009ರಲ್ಲಿ ಪ್ರಕಟವಾಯಿತು. ಎರಡು ಅವಧಿ ಮಹಿಳೆಯರಿಗೆ ಮೀಸಲಾಗಿದ್ದ ಊರುಗಳಲ್ಲಿ, ಮೀಸಲಾತಿ ಸರಿದ ನಂತರವೂ ಮಹಿಳೆಯರು ಹೆಚ್ಚಾಗಿ ಸ್ಪರ್ಧಿಸಿದರು, ಹೆಚ್ಚಾಗಿ ಗೆದ್ದರು. ಹೆಣ್ಣು ಆಳುವುದನ್ನು ಒಮ್ಮೆ ಕಣ್ಣಾರೆ ಕಂಡ ಮತದಾರರ ಹಳೆಯ ಪೂರ್ವಗ್ರಹ ಸಡಿಲಿತ್ತು. ಕಾನೂನು ಹೆಸರನ್ನು ಪಟ್ಟಿಗೆ ತರಬಲ್ಲದು. ಅದನ್ನು ಅಲ್ಲಿ ಉಳಿಸಬಲ್ಲವರು ನೆರೆಹೊರೆಯವರು.

ಆದುದರಿಂದ ಪ್ರಿಯ ಓದುಗರೇ, ಮುಂದಿನ ಚುನಾವಣೆಗೆ ಮೊದಲೇ ನಿಮ್ಮ ಓಣಿಯಲ್ಲಿ ಮೀಸಲು ಸ್ಥಾನದಿಂದ ಗೆದ್ದು ಕೆಲಸ ಮಾಡಿದವರು ಯಾರೆಂದು ವಿಚಾರಿಸಿರಿ. ಆಕೆ ಕ್ರೈಸ್ತಳಾಗಿರಬೇಕೆಂದಿಲ್ಲ, ನಿಮ್ಮ ಕೇರಿಯವಳಾಗಿರಬೇಕೆಂದಿಲ್ಲ. ಗ್ರಾಮಸಭೆಗೆ ಹೋಗಿ, ಆಕೆ ಮಾತನಾಡುವಾಗ ಮಧ್ಯೆ ಬಾಯಿ ಹಾಕುವ ಗಂಡನಿಗೆ, ಸದಸ್ಯರು ನೀವಲ್ಲವೆಂದು ವಿನಯದಿಂದ ಹೇಳಿರಿ. ಆಕೆಯ ಕೆಲಸ ಒಳ್ಳೆಯದಿದ್ದರೆ, ಸ್ಥಾನ ಸಾಮಾನ್ಯವಾದ ವರ್ಷ ನಾಲ್ಕು ಮಂದಿ ಕೂಡಿ ಆಕೆಯ ಮನೆಗೆ ಹೋಗಿ, ಈ ಸಲವೂ ನಿಲ್ಲಿರಿ, ನಾವಿದ್ದೇವೆ ಎಂದು ಹೇಳಿರಿ. ಕೆಲಸ ಕೆಟ್ಟದಿದ್ದರೆ, ಎಲ್ಲರನ್ನೂ ಅಳೆಯುವ ಅಳತೆಯಲ್ಲೇ ಆಕೆಯನ್ನೂ ಅಳೆದು ಬೇರೆಯವರನ್ನು ಆರಿಸಿರಿ. ಸಮಾನತೆಯೆಂದರೆ ಅದೂ ಹೌದು.